ತೆರಿಗೆ ಅಪರಾಧದ ಸಮನ್ಸ್ ಬಂದಿದೆ, ವಕೀಲರಿಲ್ಲ: ನಿಮ್ಮ ಮೇಲಿರುವ ಆರೋಪ ಏನೆಂದು ತಿಳಿದುಕೊಳ್ಳುವ ಬಗೆ

ಆದಾಯ ತೆರಿಗೆ ಇಲಾಖೆ ಹೂಡಿದ ಕ್ರಿಮಿನಲ್ ಪ್ರಕರಣದಲ್ಲಿ ಸಮನ್ಸ್ ಪಡೆದು, ವಕೀಲರ ಶುಲ್ಕ ಭರಿಸಲಾಗದೆಯೋ ತಮ್ಮ ವ್ಯವಹಾರ ತಮಗೇ ಚೆನ್ನಾಗಿ ಗೊತ್ತೆಂಬ ನಂಬಿಕೆಯಿಂದಲೋ ತಾವೇ ನ್ಯಾಯಾಲಯದ ಮುಂದೆ ನಿಲ್ಲಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ತೆರಿಗೆ ತಡವಾಗಿದ್ದು ನಿಜ, ಬಡ್ಡಿ ಸಮೇತ ಕಟ್ಟಿಯೂ ಆಗಿದೆ, ಹಾಗಿದ್ದ ಮೇಲೆ ನನ್ನ ಮೇಲಿರುವ ಆರೋಪವಾದರೂ ಏನು?" ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ನಿಮ್ಮ ಕೈಗೆ ಬಂದ ಕಾಗದಗಳಲ್ಲೇ ಇರುತ್ತದೆ, ಇಲ್ಲದಿದ್ದರೆ ಅದನ್ನು ಕೇಳಿ ಪಡೆಯುವ ದಾರಿ ಕಾನೂನಿನಲ್ಲಿದೆ. ಆರೋಪವನ್ನು ಒಂದೇ ವಾಕ್ಯದಲ್ಲಿ ನೀವೇ ಹೇಳಬಲ್ಲವರಾಗುವ ತನಕ ಯಾವ ವಾದಕ್ಕೂ ಇಳಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ, ಸ್ವತಃ ವಾದಿಸುವವರು ಬಹಳಷ್ಟು ಸಲ ಇಲಾಖೆ ಹೊರಿಸಿಯೇ ಇಲ್ಲದ ಆರೋಪಕ್ಕೆ ಉತ್ತರ ಕೊಡುತ್ತ, ಹೊರಿಸಿರುವ ಆರೋಪವನ್ನು ಹಾಗೇ ಬಿಟ್ಟಿರುತ್ತಾರೆ.

ಇಲ್ಲಿ ಹೇಳಿರುವುದೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯಡಿ ಹೂಡಿದ ಪ್ರಕರಣಗಳಿಗೆ ಸಂಬಂಧಿಸಿದ್ದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಆದರೆ ಹಿಂದಿನ ವರ್ಷಗಳ ತಪ್ಪಿಗೆ ಹೂಡಿದ ದೂರುಗಳು ಹಳೆಯ ಕಾಯ್ದೆಯಡಿಯಲ್ಲೇ ಮುಂದುವರಿಯುತ್ತವೆ. ನಿಮ್ಮ ದೂರಿನಲ್ಲಿ ಯಾವ ಕಾಯ್ದೆಯ ಹೆಸರಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಹಂತ 1: ಕೈಗೆ ಬಂದಿರುವ ಕಾಗದ ಯಾವುದು?

ಅನೇಕರು ಎಫ್‌ಐಆರ್ ಎಲ್ಲಿ, ಆರೋಪಪಟ್ಟಿ ಎಲ್ಲಿ ಎಂದು ಪೊಲೀಸ್ ಠಾಣೆಗೆ ಅಲೆಯುತ್ತಾರೆ. ಆದಾಯ ತೆರಿಗೆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ಕಾಯ್ದೆಯ 279ಎ ಕಲಮಿನ ಪ್ರಕಾರ ಇಲ್ಲಿನ ಮುಖ್ಯ ಅಪರಾಧಗಳು ಅಸಂಜ್ಞೇಯ, ಎಂದರೆ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ ಬಂಧಿಸಬಹುದಾದ ಬಗೆಯವಲ್ಲ. ಇಲಾಖೆಯ ಅಧಿಕಾರಿಯೇ ನ್ಯಾಯಾಲಯಕ್ಕೆ ಲಿಖಿತ ದೂರು ಸಲ್ಲಿಸುತ್ತಾರೆ. ಬೆಂಗಳೂರಿನಲ್ಲಿ ಇಂತಹ ದೂರುಗಳು ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯದ ಮುಂದೆ ಬರುತ್ತವೆ. ಆದ್ದರಿಂದ ನಿಮ್ಮ ಮಟ್ಟಿಗೆ ಮೂಲ ದಾಖಲೆಯೆಂದರೆ ಆ ದೂರು.

ನ್ಯಾಯಾಲಯದಿಂದ ಬಂದಿರುವುದು ನೋಟಿಸೋ ಸಮನ್ಸೋ ಎಂಬುದನ್ನೂ ಗಮನಿಸಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ಪೊಲೀಸರ ಮೂಲಕವಲ್ಲದೆ ನೇರವಾಗಿ ನ್ಯಾಯಾಲಯಕ್ಕೆ ಸಲ್ಲಿಸಿದ ದೂರನ್ನು ವಿಚಾರಣೆಗೆ ಅಂಗೀಕರಿಸುವ ಮುನ್ನವೇ ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಆ ದಿನಾಂಕದ ನಂತರ ಸಲ್ಲಿಕೆಯಾದ ದೂರಿನಲ್ಲಿ ನಿಮಗೆ ಮೊದಲು ಬರುವುದು ಈ ನೋಟಿಸ್ ಆಗಿರಬಹುದು. ಆಗ ದೂರನ್ನು ಅಂಗೀಕರಿಸಲೇಬಾರದೆಂದು ವಾದಿಸುವ ಅವಕಾಶ ನಿಮಗಿರುತ್ತದೆ. ಸಮನ್ಸ್ ಬಂದಿದ್ದರೆ ನ್ಯಾಯಾಲಯ ದೂರನ್ನು ಈಗಾಗಲೇ ಅಂಗೀಕರಿಸಿದೆ ಎಂದರ್ಥ. 2024ರ ಜುಲೈ 1ಕ್ಕೂ ಮೊದಲೇ ವಿಚಾರಣೆ ಶುರುವಾಗಿದ್ದ ಹಳೆಯ ಪ್ರಕರಣಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರವೇ ನಡೆಯುತ್ತವೆ.

ಹಂತ 2: ಮೊದಲ ಮುದ್ದತ್ತಿಗೆ ಹಾಜರಾಗಿ ನಕಲು ಕೇಳಿ

ಮುದ್ದತ್ತು, ಎಂದರೆ ಪ್ರಕರಣವನ್ನು ಕೈಗೆತ್ತಿಕೊಳ್ಳುವ ದಿನಾಂಕ, ತಪ್ಪಿಸಬೇಡಿ. "ತೆರಿಗೆ ಕಟ್ಟಿದ್ದೇನೆ, ಇನ್ನೇನಿದೆ" ಎಂದು ಮನೆಯಲ್ಲಿ ಉಳಿದರೆ ವಾರಂಟ್ ಹೊರಡುತ್ತದೆ. ಆಮೇಲೆ ಅದನ್ನು ರದ್ದುಪಡಿಸಿಕೊಳ್ಳುವುದೇ ಬೇರೆ ಕೆಲಸವಾಗುತ್ತದೆ. ಹಾಜರಾದ ದಿನ ಜಾಮೀನು ಇಲ್ಲವೇ ಮುಚ್ಚಳಿಕೆ ಕೇಳುವ ಸಂಭವವಿರುವುದರಿಂದ ಗುರುತಿನ ಚೀಟಿ, ವಿಳಾಸದ ದಾಖಲೆ ಜೊತೆಗಿರಲಿ. ಜಾಮೀನುದಾರರಾಗಲು ಒಪ್ಪಿದವರೊಬ್ಬರು ಅಂದು ಲಭ್ಯವಿರಲಿ. ಅನಾರೋಗ್ಯವೋ ದೂರದ ಊರೋ ಅಡ್ಡಿಯಾದರೆ ಖುದ್ದು ಹಾಜರಾತಿಯಿಂದ ವಿನಾಯಿತಿ ಕೋರಬಹುದು. ಆದರೆ ವಕೀಲರಿಲ್ಲದವರಿಗೆ ಈ ವಿನಾಯಿತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ನಿಮ್ಮ ಪರವಾಗಿ ಅಲ್ಲಿ ನಿಲ್ಲುವವರು ಬೇರೆ ಯಾರೂ ಇರುವುದಿಲ್ಲ.

ಅಂದೇ ಕೇಳಬೇಕಾದ ಕಾಗದಗಳು: ದೂರಿನ ಪೂರ್ಣ ಪ್ರತಿ, ಅದರ ಜೊತೆ ಲಗತ್ತಿಸಿದ ಎಲ್ಲ ದಾಖಲೆಗಳು, ಸಾಕ್ಷಿಗಳ ಪಟ್ಟಿ, ಪ್ರಾಸಿಕ್ಯೂಷನ್‌ಗೆ (ಎಂದರೆ ಕ್ರಿಮಿನಲ್ ಮೊಕದ್ದಮೆ ಹೂಡಲು) ಹಿರಿಯ ಅಧಿಕಾರಿ ಕೊಟ್ಟ ಪೂರ್ವಾನುಮತಿಯ ಆದೇಶ, ಮತ್ತು ತನಿಖೆಯ ವೇಳೆ ಪ್ರಮಾಣದ ಮೇಲೆ ನಿಮ್ಮಿಂದ ಬರೆಸಿಕೊಂಡ ಹೇಳಿಕೆಗಳಿದ್ದರೆ ಅವು. ಸಮನ್ಸ್ ಜೊತೆಗೆ ದೂರಿನ ಪ್ರತಿ ಇರಲೇಬೇಕೆಂಬುದು ಕಾನೂನು. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಚಿಕ್ಕದೊಂದು ಮೆಮೊ ಬರೆದು ಸಲ್ಲಿಸಿ, ಅದು ಕಡತ ಸೇರುವಂತೆ ನೋಡಿಕೊಳ್ಳಿ. ಪ್ರಕರಣದ ಸಿಎನ್‌ಆರ್ ಸಂಖ್ಯೆ, ಎಂದರೆ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಗುರುತು, ಬರೆದುಕೊಂಡರೆ ಇ-ಕೋರ್ಟ್ಸ್ ತಾಣದಲ್ಲಿ ಮುಂದಿನ ಮುದ್ದತ್ತನ್ನು ನೀವೇ ನೋಡಿಕೊಳ್ಳಬಹುದು.

ದೂರು ಇಂಗ್ಲಿಷಿನಲ್ಲಿದ್ದು ನಿಮಗೆ ಅದು ಸರಿಯಾಗಿ ಅರ್ಥವಾಗದಿದ್ದರೆ ಆ ಮಾತನ್ನು ಸಂಕೋಚವಿಲ್ಲದೆ ನ್ಯಾಯಾಧೀಶರಿಗೆ ಹೇಳಿ. ಆರೋಪವನ್ನು ಆರೋಪಿಗೆ ಓದಿ ವಿವರಿಸುವುದು, ಆತನಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತಿಳಿಯುವ ಭಾಷೆಯಲ್ಲಿ ಹೇಳುವುದು ನ್ಯಾಯಾಲಯದ ಕರ್ತವ್ಯ. ತಲೆಯಾಡಿಸಿ ಬಂದುಬಿಟ್ಟರೆ "ಆರೋಪಿಗೆ ವಿವರಿಸಲಾಯಿತು, ಅರ್ಥವಾಯಿತೆಂದರು" ಎಂದು ದಾಖಲಾಗಿರುತ್ತದೆ.

ಹಂತ 3: ಕಲಮನ್ನು ಬಿಡಿಸಿ ಓದಿ

ದೂರಿನ ಮೇಲ್ಭಾಗದಲ್ಲಿ ಕಲಂ ಸಂಖ್ಯೆಗಳಿರುತ್ತವೆ. ಒಂದೊಂದೂ ಬೇರೆ ಬೇರೆ ಅಪರಾಧ. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಹೆಚ್ಚಾಗಿ ಕಾಣಸಿಗುವವು ಇವು.

276ಬಿ: ನೌಕರರ ಸಂಬಳದಿಂದಲೋ ಗುತ್ತಿಗೆದಾರರ ಬಿಲ್ಲಿನಿಂದಲೋ ಹಿಡಿದುಕೊಂಡ ಟಿಡಿಎಸ್ (ಮೂಲದಲ್ಲೇ ಕಡಿತಗೊಳಿಸುವ ತೆರಿಗೆ) ಹಣವನ್ನು ಸರ್ಕಾರಕ್ಕೆ ಜಮಾ ಮಾಡದಿರುವುದು. ಶಿಕ್ಷೆ 3 ತಿಂಗಳಿಂದ 7 ವರ್ಷಗಳವರೆಗೆ ಕಠಿಣ ಸಜೆ ಮತ್ತು ಜುಲ್ಮಾನೆ. ಹಿಡಿದ ಹಣವನ್ನು ಆಯಾ ತ್ರೈಮಾಸಿಕದ ಟಿಡಿಎಸ್ ವಿವರಪಟ್ಟಿ ಸಲ್ಲಿಸುವ ಗಡುವಿನೊಳಗೆ ಕಟ್ಟಿದ್ದರೆ ಈ ಕಲಂ ಅನ್ವಯಿಸುವುದಿಲ್ಲವೆಂಬ ತಿದ್ದುಪಡಿ 2024ರ ಅಕ್ಟೋಬರ್ 1ರಿಂದ ಬಂದಿದೆ.

276ಸಿ: ಇದರಲ್ಲಿ ಎರಡು ಉಪಕಲಮುಗಳಿವೆ, ಮತ್ತು ಅತಿ ಹೆಚ್ಚು ಗೊಂದಲ ಹುಟ್ಟುವುದೂ ಇಲ್ಲಿಯೇ. ಒಂದನೇ ಉಪಕಲಂ ತೆರಿಗೆ ನಿಗದಿಯಾಗುವುದನ್ನೇ ಉದ್ದೇಶಪೂರ್ವಕವಾಗಿ ತಪ್ಪಿಸಲು ಯತ್ನಿಸಿದ್ದಕ್ಕೆ, ಉದಾಹರಣೆಗೆ ಆದಾಯ ಬಚ್ಚಿಟ್ಟಿದ್ದಕ್ಕೆ. ಎರಡನೇ ಉಪಕಲಂ ನಿಗದಿಯಾದ ತೆರಿಗೆಯ ಪಾವತಿಯನ್ನು ಉದ್ದೇಶಪೂರ್ವಕವಾಗಿ ತಪ್ಪಿಸಲು ಯತ್ನಿಸಿದ್ದಕ್ಕೆ. ಆದಾಯವನ್ನೆಲ್ಲ ಸರಿಯಾಗಿ ತೋರಿಸಿ ರಿಟರ್ನ್ ಸಲ್ಲಿಸಿ, ಕೈಯಲ್ಲಿ ಹಣವಿಲ್ಲದೆ ತೆರಿಗೆ ತಡಮಾಡಿದವರ ಮೇಲೆ ಬರುವುದು ಈ ಎರಡನೆಯದು. ತಡವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ವಂಚನೆಯ ಯತ್ನವಾಗದು, ಹಣವಿದ್ದೂ ಇಲಾಖೆಯ ಕೈಗೆ ಸಿಗದಂತೆ ಮಾಡಿದಂತಹ ಒಂದು ಕೃತ್ಯ ಇರಬೇಕು ಎಂಬ ವಾದಕ್ಕೆ ಹೈಕೋರ್ಟುಗಳು ಕೆಲವು ಪ್ರಕರಣಗಳಲ್ಲಿ ಮನ್ನಣೆ ಕೊಟ್ಟಿವೆ. ಒಂದನೇ ಉಪಕಲಮಿನಡಿ ತಪ್ಪಿಸಲು ಯತ್ನಿಸಿದ ಮೊತ್ತ 25 ಲಕ್ಷ ರೂಪಾಯಿ ಮೀರಿದರೆ 6 ತಿಂಗಳಿಂದ 7 ವರ್ಷ, ಅದಕ್ಕಿಂತ ಕಡಿಮೆಯಾದರೆ 3 ತಿಂಗಳಿಂದ 2 ವರ್ಷ ಸಜೆ. ಎರಡನೆಯದರಲ್ಲಿ 3 ತಿಂಗಳಿಂದ 2 ವರ್ಷ.

276ಸಿಸಿ: ರಿಟರ್ನ್ ಸಲ್ಲಿಸದಿರುವುದು. ಶಿಕ್ಷೆಯ ಪ್ರಮಾಣಕ್ಕೆ ಇಲ್ಲೂ 25 ಲಕ್ಷದ ಗೆರೆಯೇ. ಕಂಪನಿಯಲ್ಲದವರಿಗೆ ಒಂದು ರಕ್ಷಣೆಯಿದೆ: ಮುಂಗಡ ತೆರಿಗೆ, ಟಿಡಿಎಸ್ ಮುಂತಾದವನ್ನು ಕಳೆದ ಮೇಲೆ ಉಳಿಯುವ ತೆರಿಗೆ 10,000 ರೂಪಾಯಿ ಮೀರದಿದ್ದರೆ ಪ್ರಾಸಿಕ್ಯೂಷನ್ ಇಲ್ಲ. 2020-21ನೇ ನಿರ್ಧರಣಾ ವರ್ಷಕ್ಕೆ (ಎಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಂಚೆ ಈ ಮಿತಿ 3,000 ಇತ್ತು.

277: ಸುಳ್ಳೆಂದು ಗೊತ್ತಿದ್ದೂ ರಿಟರ್ನ್‌ನಲ್ಲೋ ಹೇಳಿಕೆಯಲ್ಲೋ ಅದನ್ನು ನಿಜವೆಂದು ದೃಢೀಕರಿಸುವುದು. ಇದು ಬಹುಮಟ್ಟಿಗೆ 276ಸಿ(1)ರ ಜೊತೆಯಲ್ಲೇ ಬರುತ್ತದೆ.

278ಬಿ: ಇದು ಕಂಪನಿ ಮತ್ತು ಪಾಲುದಾರಿಕೆ ಸಂಸ್ಥೆಗಳ ವಿಷಯ. ನೀವು ನಿರ್ದೇಶಕರೋ ಪಾಲುದಾರರೋ ಆಗಿದ್ದರೆ, ಆ ಅವಧಿಯಲ್ಲಿ ವ್ಯವಹಾರದ ಉಸ್ತುವಾರಿಯೂ ಹೊಣೆಯೂ ನಿಮ್ಮದಾಗಿತ್ತು ಎಂದು ದೂರಿನಲ್ಲಿ ಹೇಳಿದೆಯೇ, ಯಾವ ಆಧಾರದ ಮೇಲೆ ಹೇಳಿದೆ ಎಂಬುದನ್ನು ಹುಡುಕಿ. ಹೆಸರು ದಾಖಲೆಯಲ್ಲಿರುವುದು ಬೇರೆ, ಹೊಣೆ ಹೊತ್ತಿರುವುದು ಬೇರೆ.

ಹಂತ 4: ಆರೋಪವನ್ನು ಒಂದು ಹಾಳೆಗೆ ಇಳಿಸಿ

ಪ್ರತಿ ಕಲಮಿಗೂ ಒಂದೊಂದು ಹಾಳೆ ತೆಗೆದುಕೊಂಡು ಐದು ಪ್ರಶ್ನೆಗಳಿಗೆ ದೂರಿನಿಂದಲೇ ಉತ್ತರ ಬರೆಯಿರಿ: ಯಾವ ಕಲಂ, ಯಾವ ವರ್ಷ, ಎಷ್ಟು ಹಣ, ನಾನು ಮಾಡಿದೆನೆನ್ನುವ ಕೃತ್ಯ ಯಾವುದು, ಅದನ್ನು ಬೇಕೆಂದೇ ಮಾಡಿದೆನೆನ್ನಲು ದೂರಿನಲ್ಲಿ ಏನಿದೆ. ಉತ್ತರದ ಪಕ್ಕದಲ್ಲಿ ದೂರಿನ ಪ್ಯಾರಾ ಸಂಖ್ಯೆ ಹಾಕಿ.

ಟಿಡಿಎಸ್ ಪ್ರಕರಣವೊಂದರ ಹಾಳೆ ಹೇಗಿರಬಹುದು ನೋಡಿ. ದೂರಿನ ಪ್ರಕಾರ 2018-19ರ ಹಣಕಾಸು ವರ್ಷದಲ್ಲಿ ಹಿಡಿದ 4,60,000 ರೂಪಾಯಿ ಜಮಾ ಆಗಿಲ್ಲ ಎಂದಿಟ್ಟುಕೊಳ್ಳೋಣ. ಅದನ್ನು ತಿಂಗಳುವಾರು ಬಿಡಿಸಿ. ಏಪ್ರಿಲ್‌ನಲ್ಲಿ ಹಿಡಿದಿದ್ದು 38,000, ಕಟ್ಟಬೇಕಿದ್ದುದು ಮೇ 7ಕ್ಕೆ, ಕಟ್ಟಿದ್ದು ಮೇ 29ಕ್ಕೆ, ಚಲನ್ ಸಂಖ್ಯೆ ಇಂಥದ್ದು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಗಡುವು ಏಪ್ರಿಲ್ 30. ಹೀಗೆ ಹನ್ನೆರಡು ಸಾಲು ಬರೆದು ಮುಗಿಸುವಷ್ಟರಲ್ಲಿ ಒಂದೇ ಮೊತ್ತವಾಗಿ ಹೆದರಿಸುತ್ತಿದ್ದ ಆರೋಪವು ಮೂರು ವಾರ ತಡವಾದ ಕೆಲವು ಕಂತುಗಳು, ಆರು ತಿಂಗಳು ತಡವಾದ ಎರಡು ಕಂತುಗಳು ಎಂದು ಬೇರ್ಪಟ್ಟಿರುತ್ತದೆ. ನೇರ ತೆರಿಗೆಗಳ ಕೇಂದ್ರ ಮಂಡಳಿಯ 2019ರ ಸೆಪ್ಟೆಂಬರ್ 9ರ ಸುತ್ತೋಲೆಯು, ಟಿಡಿಎಸ್ ಬಾಕಿ 25 ಲಕ್ಷದವರೆಗಿದ್ದು ಗಡುವು ದಾಟಿ 60 ದಿನಗಳೊಳಗೆ ಜಮಾ ಆಗಿದ್ದರೆ ಸಾಮಾನ್ಯ ಸಂದರ್ಭದಲ್ಲಿ ಪ್ರಾಸಿಕ್ಯೂಷನ್ ಕೈಗೊಳ್ಳಬಾರದೆಂದು ಇಲಾಖೆಗೇ ಸೂಚಿಸಿದೆ. ಆ ಸುತ್ತೋಲೆ ನಿಮಗೆ ನೆರವಾಗುತ್ತದೆಯೋ ಇಲ್ಲವೋ ಎಂಬುದು ಈ ಹಾಳೆಯಿಂದಲೇ ತಿಳಿಯುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಹಣಕಾಸು ವರ್ಷ ಬೇರೆ, ನಿರ್ಧರಣಾ ವರ್ಷ ಬೇರೆ. ದೂರಿನಲ್ಲಿ "2015-16ನೇ ನಿರ್ಧರಣಾ ವರ್ಷ" ಎಂದಿದ್ದರೆ ಅದು 2014ರ ಏಪ್ರಿಲ್‌ನಿಂದ 2015ರ ಮಾರ್ಚ್‌ವರೆಗಿನ ಆದಾಯದ ಮಾತು. ತಪ್ಪು ವರ್ಷದ ಲೆಕ್ಕಪುಸ್ತಕ ಹಿಡಿದು ವಾದಿಸಿದರೆ ನಿಮ್ಮ ಇತರ ಮಾತುಗಳ ಮೇಲಿನ ವಿಶ್ವಾಸವೂ ಕುಂದುತ್ತದೆ. ಹಾಗೆಯೇ, ತಪ್ಪು ನಡೆದು ಎಷ್ಟೋ ವರ್ಷವಾಗಿದೆ, ಕಾಲಮಿತಿ ಮೀರಿದೆ ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ; 1974ರ ಪ್ರತ್ಯೇಕ ಕಾಯ್ದೆಯೊಂದು ಆದಾಯ ತೆರಿಗೆ ಅಪರಾಧಗಳಿಗೆ ಆ ಕಾಲಮಿತಿ ಅನ್ವಯಿಸುವುದಿಲ್ಲವೆಂದು ಹೇಳಿದೆ.

ಹಂತ 5: ಪೂರ್ವಾನುಮತಿಯ ಆದೇಶವನ್ನು ದೂರಿನ ಪಕ್ಕದಲ್ಲಿಟ್ಟು ಓದಿ

279ನೇ ಕಲಮಿನ ಪ್ರಕಾರ, ಮೇಲೆ ಹೇಳಿದ ಅಪರಾಧಗಳಿಗೆ ಪ್ರಧಾನ ಆಯುಕ್ತರು, ಆಯುಕ್ತರು ಅಥವಾ ಕಾಯ್ದೆ ಹೆಸರಿಸಿದ ಅಂತಹ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಪ್ರಕರಣ ಹೂಡುವಂತಿಲ್ಲ. ಆದೇಶದಲ್ಲಿರುವ ಕಲಂ, ವರ್ಷ, ಮೊತ್ತ, ಆರೋಪಿಗಳ ಹೆಸರು ದೂರಿನಲ್ಲಿರುವುದಕ್ಕೆ ತಾಳೆಯಾಗುತ್ತವೆಯೇ, ಅನುಮತಿಯ ದಿನಾಂಕ ದೂರಿನ ದಿನಾಂಕಕ್ಕಿಂತ ಹಿಂದಿನದೇ ಎಂದು ನೋಡಿ. ವ್ಯತ್ಯಾಸ ಕಂಡರೆ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಅಕ್ಷರದೋಷದಂತಹ ಸಣ್ಣಪುಟ್ಟ ತಪ್ಪಿಗೆ ಪ್ರಕರಣ ಬಿದ್ದುಹೋಗುತ್ತದೆಂದು ನಿರೀಕ್ಷಿಸಬೇಡಿ; ಆದರೆ ಅನುಮತಿಯ ಆದೇಶದಲ್ಲಿ ಇಲ್ಲದ ಕಲಮಿಗೆ ದೂರು ಹೂಡಿದ್ದರೆ ಅದು ಗಂಭೀರ ವಿಷಯ.

ಹಂತ 6: "ಬೇಕೆಂದೇ" ಎಂಬ ಮಾತಿನ ಭಾರ ಯಾರ ಮೇಲಿದೆ?

ಸಾಮಾನ್ಯ ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯ ದುರುದ್ದೇಶವನ್ನು ಸಾಬೀತುಪಡಿಸುವುದು ಪ್ರಾಸಿಕ್ಯೂಷನ್ ಕೆಲಸ. ತೆರಿಗೆ ಪ್ರಕರಣದಲ್ಲಿ ಹಾಗಿಲ್ಲ. ಅಪರಾಧಕ್ಕೆ ದೋಷಪೂರಿತ ಮನಃಸ್ಥಿತಿ ಅಗತ್ಯವಿರುವ ಕಡೆ ಅದು ಇತ್ತೆಂದೇ ನ್ಯಾಯಾಲಯ ಊಹಿಸಬೇಕು ಎಂದು 278ಇ ಕಲಂ ಹೇಳುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಅದನ್ನೂ ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. "ಅವರೇ ಸಾಬೀತು ಮಾಡಲಿ" ಎಂದು ಕೈಕಟ್ಟಿ ಕೂರುವವರು ಸೋಲುವುದು ಈ ಕಲಮಿನಿಂದ.

ಆದ್ದರಿಂದ ಆ ಹೊತ್ತಿನಲ್ಲೇ ಹುಟ್ಟಿದ ಕಾಗದಗಳನ್ನು ಹುಡುಕಿ. ಬ್ಯಾಂಕ್ ಖಾತೆಯಲ್ಲಿ ಹಣವಿರಲಿಲ್ಲವೆಂದು ತೋರಿಸುವ ಹೇಳಿಕೆ, ದೊಡ್ಡ ಗಿರಾಕಿಯೊಬ್ಬರು ಬಾಕಿ ಉಳಿಸಿಕೊಂಡಿದ್ದಕ್ಕೆ ಬರೆದ ಪತ್ರ, ಆಸ್ಪತ್ರೆಯ ದಾಖಲೆ, ಲೆಕ್ಕಪರಿಶೋಧಕರಿಗೆ ಸಮಯಕ್ಕೆ ಸರಿಯಾಗಿ ಕಾಗದ ಕೊಟ್ಟಿದ್ದಕ್ಕೆ ಪುರಾವೆ, ಕಂತಿನಲ್ಲಿ ಕಟ್ಟಲು ಇಲಾಖೆಗೆ ಬರೆದ ಕೋರಿಕೆ ಇವೆಲ್ಲ ಸಮನ್ಸ್ ಬಂದ ಮೇಲೆ ಬರೆದ ಹತ್ತು ಪುಟದ ಸಮಜಾಯಿಷಿಗಿಂತ ಹೆಚ್ಚು ತೂಗುತ್ತವೆ. 276ಬಿ ಪ್ರಕರಣವಾದರೆ 278ಎಎ ಕಲಂ ನಿಮ್ಮ ನೆರವಿಗಿದೆ. ತಪ್ಪಿಗೆ ಸಮಂಜಸ ಕಾರಣವಿತ್ತೆಂದು ಸಾಬೀತಾದರೆ ಶಿಕ್ಷೆಯಿಲ್ಲ.

ದಂಡದ ಮೇಲ್ಮನವಿಯನ್ನೂ ಮರೆಯಬೇಡಿ. ದಂಡವೆಂದರೆ ಇಲಾಖೆ ವಿಧಿಸುವಂಥದ್ದು, ಜುಲ್ಮಾನೆಯೆಂದರೆ ಕ್ರಿಮಿನಲ್ ನ್ಯಾಯಾಲಯ ವಿಧಿಸುವಂಥದ್ದು. ಆದಾಯ ಮರೆಮಾಚಿಲ್ಲವೆಂಬ ನಿರ್ಣಯದೊಂದಿಗೆ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ರದ್ದುಪಡಿಸಿದ್ದರೆ ಅದೇ ಸಂಗತಿಯ ಮೇಲಿನ ಪ್ರಾಸಿಕ್ಯೂಷನ್ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಕೆ.ಸಿ. ಬಿಲ್ಡರ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಮೇಲ್ಮನವಿ ಬಾಕಿಯಿದೆ ಎಂಬ ಮಾತ್ರಕ್ಕೆ ಕ್ರಿಮಿನಲ್ ಪ್ರಕರಣ ನಿಲ್ಲುವುದಿಲ್ಲ, 1984ರ ಪಿ. ಜಯಪ್ಪನ್ ಪ್ರಕರಣದಿಂದಲೂ ನಿಲುವು ಇದೇ.

ಹಂತ 7: ಸ್ಪಷ್ಟತೆ ಬೇಕೆಂದು ಬರೆದು ಕೇಳಿ

ಹಾಳೆಯ ಐದು ಪ್ರಶ್ನೆಗಳಲ್ಲಿ ಯಾವುದಕ್ಕೆ ದೂರಿನಲ್ಲಿ ಉತ್ತರ ಸಿಗಲಿಲ್ಲವೋ ಅದನ್ನು ಕೇಳಬೇಕು. ಅಂತರಜಾಲದಲ್ಲಿ ಸಿಗುವ ಅಮೆರಿಕದ ಮಾದರಿಗಳನ್ನು, ಉದಾಹರಣೆಗೆ ಆರೋಪದ ವಿವರ ಕೋರುವ "ಬಿಲ್ ಆಫ್ ಪರ್ಟಿಕ್ಯುಲರ್ಸ್" ಅರ್ಜಿಯನ್ನು, ನಕಲು ಮಾಡಿ ಇಲ್ಲಿ ಸಲ್ಲಿಸಬೇಡಿ. ನಮ್ಮಲ್ಲಿ ಆ ಹೆಸರಿನ ಅರ್ಜಿಯಿಲ್ಲ. ನಮ್ಮ ಕಾನೂನಿನ ಆಧಾರ ಬೇರೆ: ಆರೋಪದಲ್ಲಿ ಅಪರಾಧದ ಹೆಸರು, ಕಲಂ, ಸಮಯ, ಸ್ಥಳ ಮುಂತಾದ ವಿವರ ಆರೋಪಿಗೆ ತಿಳಿಯುವಷ್ಟು ಸ್ಪಷ್ಟವಾಗಿರಬೇಕೆಂದು ಸುರಕ್ಷಾ ಸಂಹಿತೆಯ 234 ಮತ್ತು 235ನೇ ಕಲಮುಗಳು, ಹಳೆಯ ಸಂಹಿತೆಯ 211 ಮತ್ತು 212ನೇ ಕಲಮುಗಳು ಹೇಳುತ್ತವೆ.

ಅರ್ಜಿ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು: "ದೂರಿನ 7ನೇ ಪ್ಯಾರಾದಲ್ಲಿ 9,20,000 ರೂಪಾಯಿ ತಪ್ಪಿಸಲಾಗಿದೆ ಎಂದಿದೆ. ಈ ಮೊತ್ತ 276ಸಿ(1)ರ ಆರೋಪಕ್ಕೆ ಸೇರಿದ್ದೋ 276ಸಿ(2)ರ ಆರೋಪಕ್ಕೆ ಸೇರಿದ್ದೋ, ಯಾವ ನಿರ್ಧರಣಾ ವರ್ಷದ್ದು, ನನ್ನ ಯಾವ ಕೃತ್ಯವನ್ನು ಆಧರಿಸಿದ್ದು ಎಂಬುದು ದೂರಿನಿಂದ ತಿಳಿಯುತ್ತಿಲ್ಲ. ನಾನು ಸ್ವತಃ ವಾದಿಸುತ್ತಿರುವುದರಿಂದ ಉತ್ತರ ಸಿದ್ಧಪಡಿಸಿಕೊಳ್ಳಲು ಈ ವಿವರ ಅಗತ್ಯ. ವಿವರ ಒದಗಿಸುವಂತೆ ದೂರುದಾರರಿಗೆ ನಿರ್ದೇಶಿಸಬೇಕಾಗಿ ಕೋರಿಕೆ." ಇದರಲ್ಲಿ ತಪ್ಪು ಮಾಡಿಲ್ಲವೆಂದಾಗಲಿ, ಮಾಡಿದ್ದೇನೆಂದಾಗಲಿ ಒಂದಕ್ಷರವೂ ಇರಕೂಡದು. ಕಷ್ಟ ತೋಡಿಕೊಳ್ಳುವ ಭರದಲ್ಲಿ "ಆ ಹಣವನ್ನು ಅಂಗಡಿ ಬಾಡಿಗೆಗೆ ಬಳಸಿಕೊಂಡೆ" ಎಂದು ಬರೆದುಕೊಟ್ಟರೆ ಅದು ನಿಮ್ಮದೇ ಸಹಿಯಿರುವ ಒಪ್ಪಿಗೆಯಾಗಿ ಕಡತದಲ್ಲಿ ಉಳಿಯುತ್ತದೆ.

ಇದನ್ನು ಯಾವಾಗ ಕೇಳಬೇಕೆಂಬುದು ಪ್ರಕರಣದ ಬಗೆಯನ್ನು ಅವಲಂಬಿಸಿದೆ. 2 ವರ್ಷ ಮೀರಿ ಶಿಕ್ಷೆಯಾಗಬಹುದಾದವು ವಾರಂಟ್ ಪ್ರಕರಣಗಳು. ಅವುಗಳಲ್ಲಿ ನೀವು ಹಾಜರಾದೊಡನೆ ಆರೋಪ ಹೊರಿಸುವುದಿಲ್ಲ. ಮೊದಲು ಇಲಾಖೆಯ ಸಾಕ್ಷ್ಯ ಪಡೆಯುತ್ತಾರೆ, ಅದನ್ನು ನೋಡಿ ಆರೋಪ ಹೊರಿಸಬೇಕೇ ಬಿಡುಗಡೆ ಮಾಡಬೇಕೇ ಎಂದು ತೀರ್ಮಾನಿಸುತ್ತಾರೆ. ಆರೋಪ ಹೊರಿಸುವುದಕ್ಕೆ ಮುಂಚಿನ ಈ ಘಟ್ಟವೇ ನಿಮ್ಮ ಅರ್ಜಿಗೆ ಸೂಕ್ತ ಕಾಲ, ಬಿಡುಗಡೆ ಕೋರುವ ಅರ್ಜಿಗೂ ಇದೇ ಕಾಲ. 2 ವರ್ಷದವರೆಗಿನವು ಸಮನ್ಸ್ ಪ್ರಕರಣಗಳು. ಅಲ್ಲಿ ವಿಧ್ಯುಕ್ತ ಆರೋಪವಿಲ್ಲ, ಆರೋಪದ ಸಾರವನ್ನು ಹೇಳಿ ತಪ್ಪೊಪ್ಪುತ್ತೀರಾ ಎಂದು ಕೇಳುತ್ತಾರೆ. ಆದ್ದರಿಂದ ಸಮನ್ಸ್ ಪ್ರಕರಣದಲ್ಲಿ ಸ್ಪಷ್ಟತೆಯ ಅರ್ಜಿ ಆ ಪ್ರಶ್ನೆಗಿಂತ ಮೊದಲೇ ಕಡತದಲ್ಲಿರಬೇಕು.

ಹಂತ 8: ತಪ್ಪೊಪ್ಪಿಗೆಯ ಪ್ರಶ್ನೆ ಬಂದಾಗ

"ಒಪ್ಪಿಕೊಂಡು ಜುಲ್ಮಾನೆ ಕಟ್ಟಿ ಮನೆಗೆ ಹೋಗಿ" ಎಂಬ ಸಲಹೆ ನ್ಯಾಯಾಲಯದ ಮೊಗಸಾಲೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಸಂಚಾರ ನಿಯಮದ ಪ್ರಕರಣಕ್ಕೆ ಅದು ಸರಿಯಿರಬಹುದು, ಇಲ್ಲಿ ಅಪಾಯಕಾರಿ. ಮೇಲೆ ಕೊಟ್ಟಿರುವ ಕಲಮುಗಳಲ್ಲಿ ಕನಿಷ್ಠ ಸಜೆಯೇ 3 ತಿಂಗಳು. ಮೊದಲ ತಪ್ಪೆಂದು ಸನ್ನಡತೆಯ ಮೇಲೆ ಬಿಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಅನುಕೂಲ 18 ವರ್ಷ ತುಂಬಿದವರಿಗೆ ಸಿಗದಂತೆ 292ಎ ಕಲಂ ತಡೆದಿದೆ. ಒಪ್ಪಿಕೊಂಡರೆ ಸೆರೆವಾಸವಿಲ್ಲವೆಂಬ ಭರವಸೆಯನ್ನು ಯಾರೂ ಕೊಡಲಾರರು.

ತಪ್ಪು ನಡೆದಿದೆ, ಪ್ರಕರಣ ಮುಗಿಸಿಕೊಳ್ಳಬೇಕು ಎಂದಿದ್ದರೆ ಅದಕ್ಕಿರುವ ದಾರಿ ಕಾಂಪೌಂಡಿಂಗ್, ಎಂದರೆ 279(2)ನೇ ಕಲಮಿನಡಿ ನಿಗದಿತ ಶುಲ್ಕ ಕಟ್ಟಿ ಇಲಾಖೆಯೊಂದಿಗೆ ಅಪರಾಧವನ್ನು ರಾಜಿ ಮಾಡಿಕೊಳ್ಳುವುದು. ದೂರು ದಾಖಲಾದ ಮೇಲೂ ಇದಕ್ಕೆ ಅವಕಾಶವಿದೆ. 2024ರ ಅಕ್ಟೋಬರ್ 17ರ ಮಾರ್ಗಸೂಚಿ ನಿಯಮಗಳನ್ನು ಬಹಳ ಸಡಿಲಿಸಿದ್ದು, ಒಂದು ಅರ್ಜಿಗೆ 25,000, ಹಲವು ವರ್ಷಗಳಿಗೆ ಸೇರಿಸಿದ ಅರ್ಜಿಗೆ 50,000 ರೂಪಾಯಿ ಅರ್ಜಿ ಶುಲ್ಕವಿದೆ. ಅದು ಹಿಂತಿರುಗುವುದಿಲ್ಲ, ಆದರೆ ಅಂತಿಮ ಶುಲ್ಕದಲ್ಲಿ ಹೊಂದಾಣಿಕೆಯಾಗುತ್ತದೆ. ಬಾಕಿ ತೆರಿಗೆ, ಬಡ್ಡಿ, ದಂಡಗಳನ್ನೂ ತೀರಿಸಬೇಕಾಗುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ವಿಚಾರಣೆ ನಿಲ್ಲದು. ಅದರ ಪ್ರತಿಯನ್ನು ಮೆಮೊದೊಂದಿಗೆ ನ್ಯಾಯಾಲಯಕ್ಕೆ ಕೊಟ್ಟು ಕಾಲಾವಕಾಶ ಕೇಳಿ, ಮುದ್ದತ್ತುಗಳಿಗೆ ಹಾಜರಾಗುತ್ತಲೇ ಇರಿ.

ಹಂತ 9: ಪಾಟೀ ಸವಾಲಿಗೆ ಮುನ್ನ ನೆರವು ಕೇಳಿ

ಆರೋಪವನ್ನು ಅರ್ಥಮಾಡಿಕೊಳ್ಳುವ ಕೆಲಸವನ್ನು ನೀವೇ ಮಾಡಬಲ್ಲಿರಿ. ಪಾಟೀ ಸವಾಲು, ಎಂದರೆ ಇಲಾಖೆಯ ಸಾಕ್ಷಿಯನ್ನು ಎದುರು ಪಕ್ಷದವರಾಗಿ ಪ್ರಶ್ನಿಸುವುದು, ಬೇರೆಯೇ ಕುಶಲತೆ. ತಪ್ಪು ಪ್ರಶ್ನೆಯೊಂದು ಇಲಾಖೆಯ ಪ್ರಕರಣದ ತೂತನ್ನು ನೀವೇ ಮುಚ್ಚಿಕೊಟ್ಟಂತಾಗಬಹುದು. ಅಷ್ಟಕ್ಕಾದರೂ ವಕೀಲರ ಸಹಾಯ ಪಡೆಯಿರಿ ಎಂದು ಒತ್ತಿ ಹೇಳುತ್ತೇನೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ವರಮಾನದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಸಹಾಯವಾಣಿ 15100. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಸಂಕೀರ್ಣದಲ್ಲಿ ಅಥವಾ ಅದರ ಸಮೀಪದಲ್ಲೇ ಇರುತ್ತದೆ. ಹೋಗುವಾಗ ಹಂತ 4ರ ಹಾಳೆಗಳನ್ನು ಕೊಂಡೊಯ್ಯಿರಿ. ನೇಮಕವಾಗುವ ವಕೀಲರು ಪ್ರಕರಣವನ್ನು ಅರ್ಧ ಗಂಟೆಯಲ್ಲಿ ಗ್ರಹಿಸಬಲ್ಲರು.

ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನು ಅಂದೇ ಉಚಿತವಾಗಿ ಕೇಳಿ ಪಡೆಯಿರಿ. ಮ್ಯಾಜಿಸ್ಟ್ರೇಟ್ ಹಂತದ ನ್ಯಾಯಾಲಯದ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ನೀವು ಜಾಮೀನಿನ ಮೇಲಿದ್ದು ಸಜೆ 3 ವರ್ಷ ಮೀರದಿದ್ದರೆ, ಮೇಲ್ಮನವಿ ಸಲ್ಲಿಸುವವರೆಗೆ ಜಾಮೀನು ಮುಂದುವರಿಸಿ ಸಜೆಯನ್ನು ಅಮಾನತಿನಲ್ಲಿಡುವಂತೆ ತೀರ್ಪು ಕೊಟ್ಟ ನ್ಯಾಯಾಲಯವನ್ನೇ ಕೋರಬಹುದು. ಈ ಕೋರಿಕೆಯ ಅರ್ಜಿಯನ್ನು ತೀರ್ಪಿನ ದಿನ ಬರೆದು ಜೇಬಿನಲ್ಲಿಟ್ಟುಕೊಂಡೇ ಹೋಗಿ. ತೀರ್ಪು ಓದಿದ ಮೇಲೆ ಬರೆಯಲು ಕೂತರೆ ಸಮಯ ಸಾಲುವುದಿಲ್ಲ.